ಹೆಸರು ಬರೆದ ಪ್ಲೇಟುಗಳು

ಗ್ರಾಮಫೋನ್ ಪ್ಲೇಟು ಕೊಳ್ಳುವುದು ಹಾಡು ಕೇಳುವುದಕ್ಕೆ ಎಂದು ನಾವೆಲ್ಲ ತಿಳಿದಿದ್ದೇವೆ. ಕೇಳದೆ ಇಟ್ಟ ಪ್ಲೇಟಿಗೇ ಹೆಚ್ಚು ಬೆಲೆ ಕೊಡುವ ಜನರೂ ಇದ್ದಾರೆ. ಅವರು ಸಂಗ್ರಾಹಕರು. ಅವರ ನಡುವೆ ಇಂಗ್ಲೆಂಡಿನ ಲಿವರ್‌ಪೂಲ್ ಊರಿನ ನಾಲ್ಕು ಹುಡುಗರ ತಂಡ ‘ಬೀಟಲ್ಸ್’ಗೆ ಇರುವ ಬೇಡಿಕೆ ಅಷ್ಟಿಷ್ಟಲ್ಲ. ತಂಡ ಒಡೆದದ್ದು 1970ರಲ್ಲಿ. ಪ್ಲೇಟುಗಳ ವ್ಯಾಪಾರ ಮಾತ್ರ ಇನ್ನೂ ನಿಂತಿಲ್ಲ.

ಅವರ ಮೊದಲ ದೊಡ್ಡ ಪ್ಲೇಟು ‘ಪ್ಲೀಸ್ ಪ್ಲೀಸ್ ಮಿ’ ಬಂದದ್ದು 1963ರ ಮಾರ್ಚ್‌ನಲ್ಲಿ. ಅದರಲ್ಲಿನ ಹದಿನಾಲ್ಕು ಹಾಡುಗಳಲ್ಲಿ ಹತ್ತನ್ನು ಫೆಬ್ರವರಿ 11ರ ಒಂದೇ ದಿನ ಹಾಡಿ ಮುಗಿಸಿದ್ದರು. ಪಾರ್ಲೋಫೋನ್ ಕಂಪನಿ ಮೊದಲು ಅಚ್ಚು ಹಾಕಿದ ಪ್ರತಿಗಳ ನಡುವಿನ ಕಪ್ಪು ಕಾಗದದ ಮೇಲೆ ಚಿನ್ನದ ಬಣ್ಣದ ಅಕ್ಷರಗಳಿದ್ದವು. ಕೆಲವೇ ವಾರಗಳಲ್ಲಿ ಅದು ಹಳದಿಯಾಯಿತು. ಹಾಡು ಅದೇ, ದನಿ ಅದೇ. ಆದರೂ ಚಿನ್ನದಕ್ಷರದ್ದು, ಅದರಲ್ಲೂ ಸ್ಟೀರಿಯೋ ಪ್ರತಿ ಸಿಕ್ಕರೆ ಸಂಗ್ರಾಹಕರಿಗೆ ನಿಧಿ ಸಿಕ್ಕಂತೆ. ಒಂದೇ ಸೀರೆಯ ಅಂಚಿನ ಬಣ್ಣಕ್ಕಾಗಿ ನಾಲ್ಕು ಅಂಗಡಿ ಸುತ್ತುವ ನಾವು ಇದಕ್ಕೆ ನಗುವಂತಿಲ್ಲ.

1966ರ ಜೂನ್‌ನಲ್ಲಿ ಅಮೆರಿಕದಲ್ಲಿ ಇನ್ನೊಂದು ತಮಾಷೆ ನಡೆಯಿತು. ‘ಯೆಸ್ಟರ್‌ಡೇ ಅಂಡ್ ಟುಡೇ’ ಎಂಬ ಪ್ಲೇಟಿನ ಹೊದಿಕೆಯ ಮೇಲೆ ನಾಲ್ವರೂ ಬಿಳಿ ನಿಲುವಂಗಿ ತೊಟ್ಟು, ಹಸಿ ಮಾಂಸ, ಮುರಿದ ಗೊಂಬೆಗಳ ಕೈಕಾಲು ಹರಡಿಕೊಂಡು ಕೂತ ಚಿತ್ರವಿತ್ತು. ನನ್ನನ್ನು ಕೇಳಿದರೆ ಅಸಹ್ಯವೇ. ವ್ಯಾಪಾರಿಗಳು ಗಲಾಟೆ ಮಾಡಿದ ಮೇಲೆ ಕ್ಯಾಪಿಟಲ್ ಕಂಪನಿ ಪ್ಲೇಟುಗಳನ್ನು ವಾಪಸು ಪಡೆದು, ಎಷ್ಟೋ ಪ್ರತಿಗಳ ಹೊದಿಕೆಗೆ ಬೇರೊಂದು ಚಿತ್ರ ಅಂಟಿಸಿ ಮತ್ತೆ ಮಾರಿತು. ಒಳಗಿನ ಗುಟ್ಟು ತಿಳಿದವರು ಹಬೆ ಹಿಡಿದು ಮೇಲಿನ ಕಾಗದ ಬಿಡಿಸತೊಡಗಿದರು. ಬಿಡಿಸಿದವರ ಸಂಖ್ಯೆ ಹೆಚ್ಚಾದಂತೆ ಬಿಡಿಸದೆ ಉಳಿದದ್ದೂ ಅಪರೂಪವಾಯಿತು!

1968ರ ನವೆಂಬರ್‌ನಲ್ಲಿ ಬಂದ ‘ಬಿಳಿ ಆಲ್ಬಂ’ನ ಹೊದಿಕೆಯಲ್ಲಿ ಚಿತ್ರವೇ ಇಲ್ಲ. ಬರಿಯ ಬಿಳುಪು, ತಂಡದ ಹೆಸರಿನ ಉಬ್ಬಚ್ಚು, ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ. ಲಕ್ಷಗಟ್ಟಲೆ ಮಾರುವ ಸರಕಿಗೆ ನಂಬರು ಕೊಟ್ಟದ್ದು ವಿನ್ಯಾಸಕಾರ ರಿಚರ್ಡ್ ಹ್ಯಾಮಿಲ್ಟನ್ ಅವರ ಕುಚೋದ್ಯ. ಲೋಕ ಅದನ್ನು ಕುಚೋದ್ಯವೆಂದು ಕೊಳ್ಳಲಿಲ್ಲ. 0000001 ಸಂಖ್ಯೆಯ ಪ್ರತಿ ತಂಡದ ಡ್ರಮ್ ವಾದಕ ರಿಂಗೋ ಸ್ಟಾರ್ ಬಳಿ ಇತ್ತು, ಬಹುಕಾಲ ಬ್ಯಾಂಕಿನ ಭದ್ರ ಕೊಠಡಿಯಲ್ಲಿತ್ತು. 2015ರ ಡಿಸೆಂಬರ್‌ನ ಹರಾಜಿನಲ್ಲಿ ಅದು 7,90,000 ಡಾಲರಿಗೆ ಹೋಯಿತು.

ಈ ವ್ಯಾಪಾರದ ನಿಯಮಗಳಲ್ಲಿ ನನ್ನನ್ನು ಕಾಡುವುದು ಒಂದು. ಪ್ಲೇಟಿನ ಕಾಗದದ ಮೇಲೋ ಹೊದಿಕೆಯ ಮೇಲೋ ಯಾರಾದರೂ ಶಾಯಿಯಲ್ಲಿ ಹೆಸರು ಬರೆದಿದ್ದರೆ ಅದು ದೋಷ, ಬೆಲೆ ಇಳಿಯುತ್ತದೆ. ಹೆಸರು ಬರೆದವರು ಯಾರು? 1963–64ರಲ್ಲಿ ಈ ತಂಡವನ್ನು ಎತ್ತಿ ಹಿಡಿದವರಲ್ಲಿ ಹೆಚ್ಚಿನವರು ಶಾಲೆಗೆ ಹೋಗುವ, ಅಂಗಡಿಯಲ್ಲಿ ಕೆಲಸ ಮಾಡುವ ಹದಿಹರೆಯದ ಹುಡುಗಿಯರು. ಅವರ ಕಿರುಚಾಟವನ್ನು ಪತ್ರಿಕೆಗಳು ಗೇಲಿ ಮಾಡಿದವು. ಕೈಖರ್ಚಿನಲ್ಲಿ ಉಳಿಸಿ ಪ್ಲೇಟು ಕೊಂಡು, ಗೆಳತಿಯ ಮನೆಗೆ ಒಯ್ದಾಗ ಅದಲುಬದಲಾಗದಿರಲಿ ಎಂದು ಹೆಸರು ಬರೆದರು. ಸವೆಯುವಷ್ಟು ಕೇಳಿದರು. ತಂಡವನ್ನು ದೊಡ್ಡದು ಮಾಡಿದ್ದು ಆ ಪ್ರೀತಿ. ಈಗ ಆ ಗೀರು, ಆ ಹೆಸರು ಎರಡೂ ಕೊರತೆಯ ಪಟ್ಟಿಯಲ್ಲಿವೆ. ನಾವು ಮದುವೆಯ ಉಡುಗೊರೆಯ ಪಾತ್ರೆಗೂ ಹೆಸರು ಕೊರೆಸುವವರು. ಹಳೆ ಪಾತ್ರೆ ಕೊಳ್ಳುವವನು ತೂಕ ನೋಡುತ್ತಾನೆಯೇ ಹೊರತು ಹೆಸರಿಗೆಂದು ದುಡ್ಡು ಕಳೆಯುವುದಿಲ್ಲ.

ನಮ್ಮ ದೇಶದ ಪ್ಲೇಟುಗಳಿಗೂ ಈ ಕಥೆಯಲ್ಲಿ ಪಾಲಿದೆ. ಬ್ರಿಟನ್ನಿನಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳ ಕಾಲ 1960ರ ಹೊತ್ತಿಗೆ ಮುಗಿದಿತ್ತು. ಇಲ್ಲಿ ಕರೆಂಟಿಲ್ಲದ ಮನೆಗಳೆಷ್ಟೋ. ಕೀಲಿ ಕೊಟ್ಟು ತಿರುಗಿಸುವ ಪೆಟ್ಟಿಗೆಯೇ ಗತಿ. ಹೀಗಾಗಿ ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯಲ್ಲಿ ಬೀಟಲ್ಸ್ ಹಾಡುಗಳೂ 78ರ ಪ್ಲೇಟುಗಳಾಗಿ ಅಚ್ಚಾದವು. ಅರಗಿನಿಂದ ಮಾಡಿದವು, ಲಕೋಟೆಗೆ ಮುದ್ರೆ ಒತ್ತುವ ಅದೇ ಅರಗು. ಒಂದು ಪಕ್ಕಕ್ಕೆ ಒಂದೇ ಹಾಡು. ಉಕ್ಕಿನ ಮುಳ್ಳು ಪ್ರತಿಸಲವೂ ಗೆರೆಯನ್ನು ಕೆರೆಯುತ್ತಿತ್ತು; ಕೈಜಾರಿದರೆ ಚೂರು. ಹೊಸ ಯಂತ್ರ ಕೊಳ್ಳಲಾಗದವರಿಗೆಂದು ಮಾಡಿದ ಈ ಪ್ಲೇಟುಗಳನ್ನೇ ಇಂದು ಇಂಗ್ಲೆಂಡ್, ಅಮೆರಿಕದ ಸಂಗ್ರಾಹಕರು ಹುಡುಕುತ್ತಾರೆ.

ಸಂಗ್ರಾಹಕರಲ್ಲಿ ಎಲ್ಲರೂ ಒಂದೇ ಅಲ್ಲ. ನ್ಯೂಯಾರ್ಕಿನ ಕಲಾವಿದ ರದರ್‌ಫರ್ಡ್ ಚಾಂಗ್ 2013ರಲ್ಲಿ ಅಂಗಡಿಯಂಥದೊಂದು ಪ್ರದರ್ಶನ ತೆರೆದರು. ಅಲ್ಲಿ ಮಾರಾಟವಿಲ್ಲ, ಖರೀದಿ ಮಾತ್ರ, ಅದೂ ಬಿಳಿ ಆಲ್ಬಂ ಒಂದೇ. ಚಹಾ ಕಲೆಯಾದದ್ದು, ಬೂಷ್ಟು ಹಿಡಿದದ್ದು, ಹೆಸರು ಗೀಚಿದ್ದು, ಬಿಳುಪಿನ ತುಂಬ ಹೂ ಬರೆದದ್ದು, ಎಲ್ಲವೂ ಅವರಿಗೆ ಬೇಕು. ಮೂರು ಸಾವಿರಕ್ಕೂ ಹೆಚ್ಚು ಕೂಡಿಹಾಕಿದರು. ಅವುಗಳಲ್ಲಿ ನೂರು ಪ್ರತಿಗಳ ಹಾಡನ್ನು ಒಂದರ ಮೇಲೊಂದು ಸೇರಿಸಿ ಒಟ್ಟಿಗೆ ನುಡಿಸಿದರು. ಮೊದಲು ನೂರೂ ಒಂದೇ ದನಿ. ಗೀರು ಬಿದ್ದದ್ದು ಹಾರಿ, ಸವೆದದ್ದು ಹಿಂದೆ ಬಿದ್ದು, ಪಕ್ಕ ಮುಗಿಯುವ ಹೊತ್ತಿಗೆ ಒಂದೊಂದೂ ತನ್ನದೇ ದಾರಿ ಹಿಡಿದಿತ್ತು.