ತಡೆಯುವ ವಸ್ತು ಸುಮ್ಮನೆ ಕೂರುವುದಿಲ್ಲ

1837ರ ಸುಮಾರಿಗೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಒಂದೇ ಅಳತೆಯ ಎರಡು ಹಿತ್ತಾಳೆ ಉಪಕರಣಗಳನ್ನು ಮುಂದಿಟ್ಟುಕೊಂಡಿದ್ದ. ಪ್ರತಿಯೊಂದರಲ್ಲೂ ಗೋಳದೊಳಗೊಂದು ಗೋಳ, ನಡುವೆ ಖಾಲಿ ಜಾಗ. ಒಂದಕ್ಕೆ ವಿದ್ಯುದಾವೇಶ ತುಂಬಿ ಇನ್ನೊಂದಕ್ಕೆ ತಾಗಿಸಿದರೆ ಎರಡೂ ಸಮಪಾಲು ಹಂಚಿಕೊಳ್ಳುತ್ತಿದ್ದವು. ಒಂದರ ನಡುವೆ ಅರಗನ್ನೋ ಗಂಧಕವನ್ನೋ ತುಂಬಿದೊಡನೆ ಪಾಲು ಏರುಪೇರಾಯಿತು. ಗಂಧಕ ತುಂಬಿದ ಜಾಗ ಬರೀ ಗಾಳಿಯಿದ್ದ ಜಾಗಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಆವೇಶ ಹಿಡಿಯಬಲ್ಲದೆಂದು ಲೆಕ್ಕ ಸಿಕ್ಕಿತು. ಅಲ್ಲಿಯವರೆಗೆ ಬರೀ ಗೋಡೆ ಎಂದುಕೊಂಡಿದ್ದ ಅವಾಹಕ, ವಿದ್ಯುತ್ ಕ್ಷೇತ್ರಕ್ಕೆ ಒಳಗೊಳಗೇ ಮಿಡಿಯುತ್ತಿತ್ತು. ಇಂಥ ವಸ್ತುಗಳನ್ನು ಫ್ಯಾರಡೆ ಡೈಎಲೆಕ್ಟ್ರಿಕ್ ಎಂದು ಕರೆದ. ಹೆನ್ರಿ ಕ್ಯಾವೆಂಡಿಶ್ ಅವಾಹಕಗಳ ಈ ಗುಣವನ್ನು 1770ರ ದಶಕದಲ್ಲೇ ಅಳೆದಿದ್ದ, ಆದರೆ ಪ್ರಕಟಿಸಿರಲಿಲ್ಲ. ಆ ಟಿಪ್ಪಣಿಗಳನ್ನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಅಚ್ಚು ಹಾಕಿಸಿದ್ದು 1879ರಲ್ಲಿ. ವಿಜ್ಞಾನಕ್ಕೆ ಇದರಿಂದ ಆದ ನಷ್ಟ ಸಣ್ಣದಲ್ಲ.

ಪ್ರಯೋಗಾಲಯದ ಈ ಸಂಗತಿ ಸಮುದ್ರದ ತಳದಲ್ಲಿ ದುಬಾರಿ ಪಾಠವಾಯಿತು. 1858ರ ಅಟ್ಲಾಂಟಿಕ್ ಟೆಲಿಗ್ರಾಫ್ ತಂತಿಗೆ ಗಟ್ಟಾಪರ್ಚಾ ಎಂಬ ಮರದ ಅಂಟಿನ ಹೊದಿಕೆ. ಒಳಗೆ ತಾಮ್ರ, ಹೊರಗೆ ಉಪ್ಪುನೀರು, ನಡುವೆ ಅವಾಹಕ: ಇಡೀ ತಂತಿಯೇ ಸಾವಿರಾರು ಕಿಲೋಮೀಟರ್ ಉದ್ದದ, ಆವೇಶ ಹಿಡಿದಿಡುವ ಕೆಪಾಸಿಟರ್ ಆಗಿಬಿಟ್ಟಿತ್ತು. ಅದು ತುಂಬಿ ಬರಿದಾಗುವಷ್ಟರಲ್ಲಿ ಸಂಕೇತಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವು. ವಿಕ್ಟೋರಿಯಾ ರಾಣಿಯ ನೂರಕ್ಕೂ ಕಡಿಮೆ ಪದಗಳ ಸಂದೇಶ ದಾಟಲು ಸುಮಾರು 16 ಗಂಟೆ ಹಿಡಿಯಿತು. ವೋಲ್ಟೇಜ್ ಏರಿಸಿ ನೋಡಿದರು. ಕೆಲವೇ ವಾರಗಳಲ್ಲಿ ತಂತಿ ಸತ್ತಿತು.

ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ನೀರಿನ ಕಥೆ. ಮ್ಯಾಕ್ಸ್‌ವೆಲ್‌ನ ಸಿದ್ಧಾಂತದ ಪ್ರಕಾರ ಪಾರದರ್ಶಕ ವಸ್ತು ಬೆಳಕನ್ನು ಬಾಗಿಸುವ ಅಳತೆಯ, ಅಂದರೆ ವಕ್ರೀಭವನಾಂಕದ, ವರ್ಗ ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕಕ್ಕೆ, ಅಂದರೆ ಅದು ಖಾಲಿ ಜಾಗಕ್ಕಿಂತ ಎಷ್ಟು ಪಟ್ಟು ಆವೇಶ ಹಿಡಿಯಬಲ್ಲದೆಂಬ ಅಳತೆಗೆ, ಸಮನಿರಬೇಕು. ನೀರಿಗೆ ಆ ವರ್ಗ ಸುಮಾರು 1.77, ಅಳೆದರೆ ಸಿಕ್ಕಿದ್ದು 80ರ ಆಸುಪಾಸು! ಒಗಟನ್ನು ಬಿಡಿಸಿದವನು ಪೀಟರ್ ಡಿಬೈ, 1912ರಲ್ಲಿ. ಎಲ್ಲ ಅಣುಗಳಲ್ಲೂ ಕ್ಷೇತ್ರದ ಸೆಳೆತಕ್ಕೆ ಎಲೆಕ್ಟ್ರಾನ್ ಮೋಡ ತುಸು ವಾಲುತ್ತದೆ. ಕೆಲವು ಅಣುಗಳಲ್ಲಾದರೆ ಒಂದು ತುದಿ ಧನ, ಇನ್ನೊಂದು ಋಣವಾಗಿ ಹುಟ್ಟಿನಿಂದಲೇ ಇರುತ್ತವೆ. ನೀರಿನದು ಅಂಥ ಅಣು. ಕ್ಷೇತ್ರ ಬಂದಾಗ ಅದು ಇಡಿಯಾಗಿ ತಿರುಗಿ ನಿಲ್ಲಲು ಹೊರಡುತ್ತದೆ, ಉಷ್ಣದ ತಳ್ಳಾಟ ಅದನ್ನು ಕದಲಿಸುತ್ತಲೇ ಇರುತ್ತದೆ. ಬೆಳಕಿನ ಅತಿವೇಗದ ಕಂಪನಕ್ಕೆ ಅಣು ತಿರುಗಿ ಮುಗಿಸಲಾರದು. ಆಗ ಎಲೆಕ್ಟ್ರಾನುಗಳು ಮಾತ್ರ ಓಗೊಡುತ್ತವೆ. ಹೀಗೆ 80 ಮತ್ತು 1.77 ಎರಡೂ ನಿಜ. ಸೆಕೆಂಡಿಗೆ 245 ಕೋಟಿ ಸಲ ಅತ್ತಿತ್ತ ತೂಗುವ ಕ್ಷೇತ್ರವನ್ನು ಮೈಕ್ರೋವೇವ್ ಒಲೆ ಎಬ್ಬಿಸಿದಾಗ ಅಣುಗಳು ತುಸು ಹಿಂದೆ ಬಿದ್ದು ತಿರುಗುತ್ತವೆ. ಆ ಹಿಂದುಳಿಯುವಿಕೆಯೇ ಶಾಖವಾಗಿ ಅನ್ನ ಬಿಸಿಯಾಗುತ್ತದೆ.

ಕೆಲವು ಹರಳುಗಳು ಇನ್ನೂ ಮುಂದೆ ಹೋಗುತ್ತವೆ: ಕ್ಷೇತ್ರ ತೆಗೆದ ಮೇಲೂ ವಾಲಿದ್ದು ವಾಲಿಕೊಂಡೇ ಇರುತ್ತವೆ. ರೋಶೆಲ್ ಲವಣದಲ್ಲಿ ಜೋಸೆಫ್ ವಾಲಸೆಕ್ 1920ರಲ್ಲಿ ಇದನ್ನು ಕಂಡ. ಈ ಗುಣಕ್ಕೆ ಫೆರೊಎಲೆಕ್ಟ್ರಿಕ್ ಎಂದು ಹೆಸರಾದರೂ, ‘ಫೆರೊ’ ಸೂಚಿಸುವ ಕಬ್ಬಿಣದ ಪಾತ್ರ ಇದರಲ್ಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಕೆಪಾಸಿಟರಿಗೆ ಬೇಕಾದ ಕಾಗೆಬಂಗಾರಕ್ಕೆ, ಅಂದರೆ ಅಭ್ರಕಕ್ಕೆ, ಕೊರತೆ ಬಿತ್ತು. ಪರ್ಯಾಯ ಹುಡುಕುತ್ತ ಅಮೆರಿಕ, ಸೋವಿಯತ್ ಒಕ್ಕೂಟ, ಜಪಾನುಗಳ ಸಂಶೋಧಕರು ಬೇರೆಬೇರೆಯಾಗಿ ಬೇರಿಯಂ ಟೈಟನೇಟ್ ತಲುಪಿದರು. ಸ್ಥಿರಾಂಕ ಸಾವಿರ ದಾಟಿತು. ಆ ಹರಳಿನಲ್ಲಿ ಆಮ್ಲಜನಕದ ಪಂಜರದೊಳಗಿನ ಟೈಟಾನಿಯಂ ಅಯಾನು ನಡುವಿನಿಂದ ಕೊಂಚ ಸರಿದು ಕೂರುತ್ತದೆ. ಇಂದಿನ ಮೊಬೈಲಿನ ಸಾಸಿವೆಗಿಂತ ಚಿಕ್ಕ ಕೆಪಾಸಿಟರುಗಳಲ್ಲಿ ಬಹಳಷ್ಟು ಇದೇ ವಂಶದವು.

ಅವಾಹಕದ ತಾಳಿಕೆಗೂ ಒಂದು ಮಿತಿಯಿದೆ. ಒಣ ಗಾಳಿ ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ದಾಟಿದರೆ ಸೋತು ಕಿಡಿ ಹಾರಿಸುತ್ತದೆ. ಭೂಗತ ಕೇಬಲ್ಲಿನ ಪ್ಲಾಸ್ಟಿಕ್ಕಿನಲ್ಲಿ ವರ್ಷಗಟ್ಟಲೆ ಕೊಂಬೆಯೊಡೆಯುವ ಮರದಂಥ ಸೀಳುಗಳು ಬೆಳೆದು ಒಂದು ದಿನ ತೂತಾಗುತ್ತದೆ.

ಚಿಪ್‌ಗಳಲ್ಲಿ ಆದದ್ದು ಬೇರೆ ಬಗೆಯ ಸೋಲು. ಅಲ್ಲಿ ಅವಾಹಕ ಪದರವಾಗಿದ್ದ ಸಿಲಿಕಾನ್ ಡೈಆಕ್ಸೈಡಿನ ಸ್ಥಿರಾಂಕ 3.9. ಟ್ರಾನ್ಸಿಸ್ಟರ್ ಕಿರಿದಾದಂತೆ ಅದರ ಪದರವನ್ನು ತೆಳುಮಾಡುತ್ತ ಒಂದು ನ್ಯಾನೋಮೀಟರ್ ಚಿಲ್ಲರೆಗೆ ಇಳಿಸಿದಾಗ ಎಲೆಕ್ಟ್ರಾನುಗಳು ಅದರೊಳಗಿಂದಲೇ ನುಸುಳತೊಡಗಿದವು. 2007ರಲ್ಲಿ ಇಂಟೆಲ್ ಹಾಫ್ನಿಯಂ ಆಧಾರಿತ ಪದರಕ್ಕೆ ಬದಲಾಯಿತು. ಸ್ಥಿರಾಂಕ ಹೆಚ್ಚಿರುವುದರಿಂದ ಪದರ ದಪ್ಪವಿದ್ದರೂ ಕೆಲಸ ಅಷ್ಟೇ ಚುರುಕು. ನಾಲ್ಕು ವರ್ಷ ಕಳೆದು, ತುಸು ಸಿಲಿಕಾನ್ ಬೆರೆತ ಹಾಫ್ನಿಯಂ ಆಕ್ಸೈಡಿನ ತೆಳುಪದರವೂ ಫೆರೊಎಲೆಕ್ಟ್ರಿಕ್ ಎಂಬ ವರದಿ ಬಂತು. ಸೋರಿಕೆ ತಡೆಯಲೆಂದು ತಂದ ಜಾತಿಯ ವಸ್ತುವಿನಲ್ಲೇ ಈಗ, ವಾಲಿದ್ದು ವಾಲಿಕೊಂಡೇ ಇರುವ ಆ ಗುಣದ ಬಲದಿಂದ, ನೆನಪು ಬರೆದಿಡುವ ಪ್ರಯತ್ನ ನಡೆದಿದೆ.