‘ಇ.ಟಿ.’ ಹಳತಾಯಿತೇ?

ತಾವು ಬಾಲ್ಯದಲ್ಲಿ ಮೆಚ್ಚಿದ ಚಲನಚಿತ್ರವನ್ನು ಮಕ್ಕಳಿಗೆ ತೋರಿಸಹೊರಟ ತಂದೆತಾಯಿಯರಿಗೆಲ್ಲ ಒಂದು ಅಳುಕು ಇದ್ದೇ ಇರುತ್ತದೆ: ನಮಗೆ ಹಿಡಿಸಿದ್ದು ಇವರಿಗೂ ಹಿಡಿಸೀತೇ? ವಿಜ್ಞಾನ ಕಲ್ಪನೆಯ ಚಿತ್ರಗಳಲ್ಲಿ ಈ ಅಳುಕು ಇನ್ನೂ ಹೆಚ್ಚು. ಅವುಗಳಲ್ಲಿನ ಯಂತ್ರಗಳು ಬಲುಬೇಗ ಹಳತಾಗುತ್ತವೆ. ಯಂತ್ರಗಳ ಜೊತೆಗೆ ಆ ಕಾಲದ ರೀತಿನೀತಿಗಳೂ ಹಳತಾಗುತ್ತವೆ. ಹಾಗೆ ಹಳತಾದುದನ್ನು ತಿದ್ದಬೇಕೇ, ಮರೆಮಾಚಬೇಕೇ ಅಥವಾ ಇದ್ದಂತೆಯೇ ತೋರಿಸಬೇಕೇ? ‘ಇ.ಟಿ.’ ಚಿತ್ರದ ಇತಿಹಾಸ ಈ ಪ್ರಶ್ನೆಗೆ ಉತ್ತರ ಹುಡುಕಲು ನೆರವಾಗುತ್ತದೆ.

ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿ, ಮೆಲಿಸ್ಸಾ ಮ್ಯಾಥಿಸನ್ ಚಿತ್ರಕಥೆ ಬರೆದ ಈ ಚಿತ್ರ 1982ರ ಜೂನ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡಿತು. ಗಳಿಕೆಯಲ್ಲಿ ‘ಸ್ಟಾರ್ ವಾರ್ಸ್’ ಅನ್ನೂ ಮೀರಿಸಿತು. 1993ರಲ್ಲಿ ಅದೇ ನಿರ್ದೇಶಕರ ‘ಜುರಾಸಿಕ್ ಪಾರ್ಕ್’ ಬರುವವರೆಗೂ ಅದರ ಅಗ್ರಸ್ಥಾನ ಅಳಿಯಲಿಲ್ಲ. ಕಥೆ ಸರಳವಾದುದು. ತಂದೆ ಬಿಟ್ಟುಹೋದ ಮನೆಯ ಬಾಲಕ ಎಲಿಯಟ್‌ಗೆ, ತನ್ನವರಿಂದ ಬೇರ್ಪಟ್ಟು ಭೂಮಿಯಲ್ಲಿ ಉಳಿದ ಅನ್ಯಗ್ರಹದ ಜೀವಿಯೊಂದು ಸಿಗುತ್ತದೆ. ಅದನ್ನು ಅದರ ಮನೆಗೆ ಮುಟ್ಟಿಸುವುದೇ ಮಕ್ಕಳ ಸಾಹಸ.

ಇದರ ಯಂತ್ರಗಳು ಇಂದಿನ ಮಕ್ಕಳಿಗೆ ನಗೆ ತರಿಸುವುದಿಲ್ಲ. ಆ ಜೀವಿ ತನ್ನವರಿಗೆ ಸಂದೇಶ ಕಳುಹಿಸಲು ‘ಸ್ಪೀಕ್ ಅಂಡ್ ಸ್ಪೆಲ್’ ಎಂಬ ಆಟಿಕೆ, ಕೊಡೆ, ಗರಗಸದ ಚಕ್ರ ಮೊದಲಾದ ಮನೆಯ ಸಾಮಾನುಗಳನ್ನೇ ಜೋಡಿಸುತ್ತದೆ. ಭವಿಷ್ಯವನ್ನು ಊಹಿಸುವ ಗೋಜಿಗೇ ಚಿತ್ರ ಹೋಗದ ಕಾರಣ, ಅದರ ಊಹೆ ತಪ್ಪಾಗುವ ಪ್ರಮೇಯವೂ ಇಲ್ಲ. 1989ರ ‘ಬ್ಯಾಕ್ ಟು ದ ಫ್ಯೂಚರ್’ ಎರಡನೆಯ ಭಾಗಕ್ಕೆ ಈ ಅದೃಷ್ಟ ಇರಲಿಲ್ಲ. ಅದು ಕಲ್ಪಿಸಿದ 2015ರಲ್ಲಿ ಕಾರುಗಳು ಹಾರುತ್ತವೆ, ಆದರೆ ಮನೆಮನೆಯಲ್ಲೂ ಫ್ಯಾಕ್ಸ್ ಯಂತ್ರಗಳಿವೆ!

ವೈದ್ಯವೃತ್ತಿಯವರಾದ ನಮ್ಮನ್ನು ಹೆಚ್ಚು ಕಾಡಿದ್ದು ಬೇರೊಂದು ದೃಶ್ಯ. ಆ ಜೀವಿಯೂ ಎಲಿಯಟ್‌ನೂ ಒಟ್ಟಿಗೆ ಅಸ್ವಸ್ಥರಾದಾಗ, ಮೈತುಂಬ ರಕ್ಷಾಕವಚ ಧರಿಸಿದ ಸರಕಾರದ ತಂಡ ಮನೆಯನ್ನೇ ಆಸ್ಪತ್ರೆಯಾಗಿ ಮಾರ್ಪಡಿಸುತ್ತದೆ. ನಟರ ಬಾಯಲ್ಲಿ ವೈದ್ಯಕೀಯ ಮಾತು ಸಹಜವೆನಿಸದೆಂದು ಸ್ಪೀಲ್‌ಬರ್ಗ್ ಇಲ್ಲಿ ನಿಜವಾದ ವೈದ್ಯರನ್ನೇ ಬಳಸಿದರು. ಆದ್ದರಿಂದಲೇ ಆ ಗಡಿಬಿಡಿಯ ಆದೇಶಗಳು ಇಂದಿಗೂ ಕೃತಕವೆನಿಸುವುದಿಲ್ಲ. ಅವರು ಅದನ್ನು ಕೊಲ್ಲುತ್ತಿದ್ದಾರೆ, ಬಿಟ್ಟುಬಿಡಿ ಎಂದು ಬಾಲಕ ಕೂಗುತ್ತಾನೆ. ಕೈಗಳು ಚುರುಕಾಗಿವೆ, ಕಿವಿಗೊಡುವವರು ವಿರಳ. ರೋಗಿಯ ಮನೆಯವರನ್ನು ಹೊರಗೆ ಕಳುಹಿಸಿಯೇ ಹೃದಯ ಪುನಶ್ಚೇತನ ನಡೆಸುವುದು ಅಂದಿನ ವಾಡಿಕೆ. ಬಂಧುಗಳಿಗೆ ಹತ್ತಿರವಿರುವ ಅವಕಾಶ ನೀಡಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ತನ್ನ ಮಾರ್ಗಸೂಚಿಯಲ್ಲಿ ಹೇಳಿದ್ದು 2000ದಲ್ಲಿ. ದೃಶ್ಯದಲ್ಲಿನ ವೈದ್ಯಪದ್ಧತಿ ಹಳತಾಗಿದೆ, ನಿಜ. ಆದರೆ ಚಿತ್ರದ ಸಹಾನುಭೂತಿ 1982ರಲ್ಲಿಯೇ ಆ ಬಾಲಕನ ಪಕ್ಷದಲ್ಲಿತ್ತು. ಈ ವಿಷಯದಲ್ಲಿ ಚಿತ್ರವು ನಮ್ಮ ವೃತ್ತಿಗಿಂತ ಮುಂದಿತ್ತೆಂದು ಒಪ್ಪಬೇಕಾಗುತ್ತದೆ.

2002ರಲ್ಲಿ, ಇಪ್ಪತ್ತು ವರ್ಷ ತುಂಬಿದ ಸಂದರ್ಭದಲ್ಲಿ, ಚಿತ್ರವನ್ನು ತಿದ್ದಿ ಮರುಬಿಡುಗಡೆ ಮಾಡಲಾಯಿತು. ಕಾರ್ಲೊ ರಾಂಬಾಲ್ಡಿ ನಿರ್ಮಿಸಿದ ಬೊಂಬೆಯ ಮುಖಭಾವವನ್ನು ಕೆಲವೆಡೆ ಕಂಪ್ಯೂಟರ್‌ನಿಂದ ಬದಲಿಸಲಾಯಿತು. ಮಕ್ಕಳನ್ನು ಬೆನ್ನಟ್ಟುವ ಅಧಿಕಾರಿಗಳ ಕೈಯ ಬಂದೂಕುಗಳು ಮಾಯವಾಗಿ ವಾಕಿಟಾಕಿಗಳು ಬಂದವು. ಉದ್ದೇಶ ಒಳ್ಳೆಯದೇ. ಆದರೆ ಮಕ್ಕಳ ಎದುರು ಬಂದೂಕು ಹಿಡಿದದ್ದೇ ಹಿರಿಯರ ಭಯದ ಅಳತೆಯಾಗಿತ್ತು. ಅದನ್ನು ಅಳಿಸಿದಾಗ ಮಕ್ಕಳ ಧೈರ್ಯವೂ ಕುಗ್ಗಿತು. 2012ರ ಆವೃತ್ತಿಯಲ್ಲಿ ಮೂಲಚಿತ್ರವೇ ಮರಳಿತು. ತಾವು ಹಾಗೆ ತಿದ್ದಬಾರದಿತ್ತೆಂದು ಸ್ಪೀಲ್‌ಬರ್ಗ್ ಅವರೇ 2023ರಲ್ಲಿ ಬಹಿರಂಗವಾಗಿ ಹೇಳಿದರು.

ಹಾಗೆಂದು ಹಳೆಯದೆಲ್ಲವೂ ಚೆನ್ನೆಂದು ನಮ್ಮ ಅಭಿಪ್ರಾಯವಲ್ಲ. 1985ರ ‘ಬ್ಯಾಕ್ ಟು ದ ಫ್ಯೂಚರ್’ ಮೊದಲ ಭಾಗ ಇಂದಿಗೂ ಬಿಗಿಯಾದ, ನಗಿಸುವ ಕಥೆ. ಆದರೆ ಅದರಲ್ಲಿ ಲಿಬಿಯಾದವರಿಗೆ ಬಂದೂಕು ಹಿಡಿದು ಬರುವುದನ್ನು ಬಿಟ್ಟು ಬೇರೆ ಪಾತ್ರವಿಲ್ಲ. ಕಪ್ಪು ಸಂಗೀತಗಾರ ಚಕ್ ಬೆರ್ರಿಯ ಶೈಲಿಗೆ ಬಿಳಿಯ ಹುಡುಗನೊಬ್ಬ ಮೂಲನಾಗುವಂತೆ ಒಂದು ಹಾಸ್ಯವೂ ಇದೆ. ನಮ್ಮ ಬಣ್ಣದ, ನಮ್ಮಂಥ ಹೆಸರಿನ ಮಕ್ಕಳು ಇಂಥದನ್ನು ನೋಡುವಾಗ ಮನೆಯ ಹಿರಿಯರು ಮೌನವಾಗಿ ಕುಳಿತಿರುವುದು ಸಲ್ಲದು. ದೃಶ್ಯವನ್ನು ಹಾರಿಸಿಬಿಟ್ಟರೆ ಪ್ರಶ್ನೆ ಹುಟ್ಟುವುದಿಲ್ಲ. ಪ್ರಶ್ನೆ ಹುಟ್ಟದಿದ್ದರೆ ಮಗು ಆ ಮಾತನ್ನು ಬೇರೆಲ್ಲೋ, ಬೇರೆ ಯಾರಿಂದಲೋ ಕಲಿಯುತ್ತದೆ.

‘ಇ.ಟಿ.’ಯನ್ನು ನಮ್ಮ ಮನೆಗಳಲ್ಲಿ ತೋರಿಸಲು ಇನ್ನೊಂದು ಕಾರಣವೂ ಇದೆ. ಪೌರತ್ವವಿಲ್ಲದ ನಮ್ಮನ್ನು ಈ ದೇಶದ ವಲಸೆ ಕಾನೂನು ಕರೆದದ್ದೂ ‘ಏಲಿಯನ್’ ಎಂದೇ. ಊರಿಗೊಂದು ಕರೆ ಮಾಡಲು ದುಡ್ಡು ಕೂಡಿಟ್ಟು, ಗಂಟೆಗಟ್ಟಲೆ ಕಾದ ನಮ್ಮ ಸಂಘದ ಹಿರಿಯರಿಗೆ, ಕೊಡೆಯಿಂದ ದೂರವಾಣಿ ಕಟ್ಟಿದ ಆ ಜೀವಿಯ ಹಂಬಲವನ್ನು ಬಿಡಿಸಿ ಹೇಳಬೇಕಿಲ್ಲ. ಬೆರಳ ತುದಿಯಲ್ಲಿ ಅಜ್ಜಿಯ ಮುಖ ಕಾಣುವ ಮಕ್ಕಳಿಗೆ ಮಾತ್ರ ಅದನ್ನು ಹೇಳಬೇಕಾಗಿದೆ.

ಆದ್ದರಿಂದ ಸದಸ್ಯ ಕುಟುಂಬಗಳಲ್ಲಿ ನಮ್ಮ ಬಿನ್ನಹ ಇಷ್ಟೇ: ಈ ರಜೆಯಲ್ಲಿ ಮೂಲ ಆವೃತ್ತಿಯನ್ನೇ ಆಯ್ದುಕೊಳ್ಳಿ. ಆಸ್ಪತ್ರೆಯ ದೃಶ್ಯಕ್ಕೆ ತೀರ ಚಿಕ್ಕ ಮಕ್ಕಳು ಹೆದರಬಹುದು, ಅವರನ್ನು ಮಡಿಲಲ್ಲಿ ಕೂರಿಸಿಕೊಳ್ಳಿ. ಅಜ್ಜ ಅಜ್ಜಿ ಮನೆಗೆ ಬಂದಿದ್ದರೆ ಅವರನ್ನೂ ಕರೆಯಿರಿ, ಚಿತ್ರ ಮುಗಿದ ಮೇಲೆ ಅರ್ಧ ಗಂಟೆ ಟಿವಿ ಆರಿಸಿ ಮಾತಿಗೆ ಕೂರಿ.