ಬಬ್ಬೂರು ಸೀಮೆಯ ಗಡಸು ನೀರು ಮತ್ತು ಡಿಏರೇಟರಿನ ಮಿತಿ

ಬಾಯ್ಲರಿಗೆ ಬಿಡುವ ನೀರಿನಲ್ಲಿ ಕರಗಿದ ಆಮ್ಲಜನಕ ಉಕ್ಕನ್ನು ತಿನ್ನುತ್ತದೆ ಎಂಬುದರಲ್ಲಿ ತಕರಾರಿಲ್ಲ. ಡಿಏರೇಟರ್ ನೀರನ್ನು ಸುಮಾರು 105 ಡಿಗ್ರಿಗೆ ಕಾಯಿಸಿ, ಹಬೆ ಹಾಯಿಸಿ, ಲೀಟರಿಗೆ 8 ಮಿಲಿಗ್ರಾಂನಷ್ಟಿದ್ದ ಆಮ್ಲಜನಕವನ್ನು 7 ಮೈಕ್ರೋಗ್ರಾಂಗೆ ಇಳಿಸುತ್ತದೆ. ಅಳಿದುಳಿದದ್ದನ್ನು ಸೋಡಿಯಂ ಸಲ್ಫೈಟ್ ಹೀರಿಕೊಳ್ಳುತ್ತದೆ.

ಇಷ್ಟಾದರೆ ಅನಿಲದ ಕಾಟ ಮುಗಿಯಿತು ಎಂಬ ರೂಢಿಯ ಮಾತನ್ನು ಮಾತ್ರ ಒಪ್ಪಲಾಗದು. ಹಿರಿಯೂರು ತಾಲ್ಲೂಕಿನ ಬಬ್ಬೂರಿನ ಸುತ್ತ ಮಳೆ ಕಡಿಮೆ. ಹತ್ತಿರದ ವಾಣಿವಿಲಾಸ ಸಾಗರ ಜಲಾಶಯ 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಂಥ ಸೀಮೆಯಲ್ಲಿ ಕೊಳವೆಬಾವಿಯ ಗಡಸು ನೀರಿನ ಆಸರೆ ತಪ್ಪದು. ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದು ನೀರಿನೊಳಗಿನ ಬೈಕಾರ್ಬೊನೇಟಿನ ಗುರುತು.

ವಾದದ ತಿರುಳು ಇಲ್ಲಿದೆ. ಸೋಡಿಯಂ ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಹಿಡಿದಿಡುತ್ತದೆ. ಬೈಕಾರ್ಬೊನೇಟನ್ನು ಹಾಗೆಯೇ ಬಿಡುತ್ತದೆ. ಅದು ಬಾಯ್ಲರಿನ ಶಾಖಕ್ಕೆ ಒಡೆದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಡಿಏರೇಟರ್ ದಾಟುವಾಗ ಈ ಅನಿಲದ ಬಹುಪಾಲು ಇನ್ನೂ ಹುಟ್ಟಿರುವುದಿಲ್ಲ. ಬೈಕಾರ್ಬೊನೇಟಿನಿಂದ ಬರುವ ಕ್ಷಾರೀಯತೆ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಲೀಟರಿಗೆ 300 ಮಿಲಿಗ್ರಾಂ ಎಂದು ಉದಾಹರಣೆಗೆ ಇಟ್ಟುಕೊಂಡರೆ, ಪೂರ್ತಿ ಒಡೆದಾಗ 264 ಮಿಲಿಗ್ರಾಂ ಅನಿಲ ಬರಬೇಕು. ಹಬೆಯ ಜೊತೆ ಹೋಗಿ, ಹಬೆ ತಣಿದು ಆದ ನೀರಿನಲ್ಲಿ (ಕಂಡೆನ್ಸೇಟಿನಲ್ಲಿ) ಕರಗಿ, ಅದು ಕಾರ್ಬಾನಿಕ್ ಆಮ್ಲವಾಗುತ್ತದೆ.

ಕೊಯ್ದು ನೋಡಿದ ಪೈಪು ಆಮ್ಲಜನಕ ಮತ್ತು ಈ ಆಮ್ಲದ ಹಾನಿಗಳ ವ್ಯತ್ಯಾಸ ಹೇಳುತ್ತದೆ. ಆಮ್ಲಜನಕ ಕಂದು ತುಕ್ಕಿನ ಗಂಟುಗಳ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕುಳಿ ತೋಡುತ್ತದೆ. ಆಮ್ಲ ಪೈಪಿನ ತಳಭಾಗದುದ್ದಕ್ಕೂ ನುಣ್ಣನೆಯ ಗಾಡಿಜಾಡು ಕೊರೆಯುತ್ತದೆ.

ಹೀಗಾಗಿ ಈ ಸೀಮೆಯ ಸಣ್ಣ ಬಾಯ್ಲರುಗಳಲ್ಲಿ ಕ್ಷಾರೀಯತೆ ಇಳಿಸುವ ಕೆಲಸ ಡಿಏರೇಟರಿಗಿಂತ ಮೊದಲು ಬರಬೇಕು ಎಂಬುದು ನನ್ನ ನಿಲುವು. ಇದಕ್ಕೆ ಮೂರು ಷರತ್ತುಗಳಿವೆ. ಹೊಸ ನೀರನ್ನೇ ಹೆಚ್ಚು ಬಳಸುವ ಕಡೆಗಷ್ಟೇ ಈ ಮಾತು. ಸಕ್ಕರೆ ಕಾರ್ಖಾನೆಯಂತೆ ಕಂಡೆನ್ಸೇಟೇ ಯಥೇಚ್ಛವಾಗಿ ಸಿಗುವಲ್ಲಿ ಇದರ ಬಲ ಕುಗ್ಗುತ್ತದೆ. ಬೈಕಾರ್ಬೊನೇಟಿನ ಒಂದಂಶ ಡಿಏರೇಟರಿನಲ್ಲೇ ಒಡೆಯುವುದೂ ಉಂಟು. ಕ್ಷಾರೀಯತೆ ಇಳಿಸುವಾಗ ಬಿಡುಗಡೆಯಾಗುವ ಇಂಗಾಲದ ಡೈಆಕ್ಸೈಡನ್ನು ಗಾಳಿ ಊದುವ ಡಿಗ್ಯಾಸರ್ ಓಡಿಸಿದರೂ ಆಮ್ಲಜನಕವನ್ನು ಒಳಗೆ ತರುವುದರಿಂದ, ಅದರ ಹಿಂದೆ ಡಿಏರೇಟರ್ ಇರಲೇಬೇಕು.

ಕೊಳವೆಬಾವಿಯ ನೀರು ಬಳಸುವ ತಿಂಗಳುಗಳಲ್ಲೂ ಜಲಾಶಯದ ನೀರು ಬಳಸುವ ತಿಂಗಳುಗಳಲ್ಲೂ ಒಂದೇ ಘಟಕದ ಕಂಡೆನ್ಸೇಟಿನ ಪಿಎಚ್ ಅಳೆದು ಹೋಲಿಸಿದರೆ ಈ ನಿಲುವಿನ ಗಟ್ಟಿತನ ತಿಳಿಯುತ್ತದೆ. ಆ ಅಳತೆ ಆಗುವವರೆಗೆ ಇದನ್ನು ತೀರ್ಪೆನ್ನದೆ ಪ್ರಸ್ತಾವವೆಂದೇ ಓದಬೇಕು.